ಏಳು ಅಕ್ಷರದ ಬಯಲು

ಗದಗ, ರದ್ದಿ ಓಣಿ
ದೊಡ್ಡ ಮರೆವಿನ ನಂತರದ ನೂರ ಎಂಬತ್ತಾರನೆಯ ವರ್ಷ
ಮೂರನೆಯ ಭಾದ್ರಪದದ ನಲವತ್ತೊಂದನೆಯ ದಿನ

ಹಿಂದೆ ಆಗಿಹೋದ ಹಿರಿಯರಿಗೆ ಕಳಕವ್ವ ರದ್ದೇರ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ಮಳೆ ಬೀಳದೆ ನಮ್ಮಲ್ಲಿ ತಿಂಗಳು ಮುಗಿಯುವುದಿಲ್ಲ. ಬಾರದಿದ್ದರೆ ಅದೇ ತಿಂಗಳನ್ನು ಇನ್ನೊಮ್ಮೆ ಎಣಿಸುತ್ತೇವೆ. ಪಂಚಾಂಗದವರು ಎಷ್ಟೋ ಸಲ ತಕರಾರು ಮಾಡಿದರು, ಮೋಡ ಅವರ ಮಾತಿಗೆ ಸೊಪ್ಪು ಹಾಕಲಿಲ್ಲ. ನನ್ನ ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರ ಅನ್ನಿಸಬಹುದು. ಕೆಲವು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿರಲಿಲ್ಲ. ಇನ್ನು ಕೆಲವು ನಿಮ್ಮ ಕಾಲದಲ್ಲೇ ಸತ್ತವು, ನಾವು ಎಬ್ಬಿಸಿ ಕೆಲಸಕ್ಕೆ ಹಚ್ಚಿದ್ದೇವೆ. ಮನ್ನಿಸಿ, ಹೋಗುತ್ತ ಹೋಗುತ್ತ ಬಿಡಿಸಿ ಹೇಳುತ್ತೇನೆ.

ನಾಳೆ ಹಿರಿಯರ ಅಮಾವಾಸ್ಯೆ. ನೀವು ಅಂದು ಹೋಳಿಗೆ, ಕಡುಬು ಎಡೆ ಇಡುತ್ತಿದ್ದಿರಂತೆ. ಬೆಲ್ಲ ಕಾಣದೆ ನಮಗೆ ಎರಡು ತಲೆಮಾರು ಕಳೆಯಿತು, ಹಾಗಾಗಿ ನಾವು ಮಾತಿನ ಎಡೆ ಇಡುತ್ತೇವೆ. ಕಸುಬಿಗೆ ಒಬ್ಬರಂತೆ ಕೂತು, ಆ ವರ್ಷ ನಡೆದದ್ದರಲ್ಲಿ ಹಿರಿಯರಿಗೆ ತಿಳಿಯಬೇಕಾದ ಒಂದನ್ನು ಬರೆದು, ಒಂದು ಹಗಲು ಹೊಸ್ತಿಲ ಹೊರಗೆ ಇಡುವುದು. ರದ್ದಿಯವರ ಪಾಳಿ ಈ ಸಲ ನನಗೆ ಬಂದಿದೆ. ನೀವು ಓದುತ್ತೀರೋ ಇಲ್ಲವೋ ಗೊತ್ತಿಲ್ಲ. ಹಿರಿಯರು ಉಂಡದ್ದನ್ನೂ ಯಾರೂ ನೋಡಿರಲಿಲ್ಲ, ಹಾಗಂತ ಎಡೆ ಇಡುವುದನ್ನು ಯಾರು ಬಿಟ್ಟಿದ್ದರು?

ಮೊದಲು ಖರ್ಚು ಹೇಳಿಬಿಡುತ್ತೇನೆ. ಖರ್ಚು ಹೇಳದ ಕಥೆಯನ್ನು ನಮ್ಮ ಓಣಿಯಲ್ಲಿ ಯಾರೂ ನಂಬುವುದಿಲ್ಲ. ಒಂದು ಗಾಡಿ ಹಸಿ ರದ್ದಿಗೆ ಆರು ಚೀಲ ನವಣೆ. ಅದನ್ನು ಎಳೆದು ತಂದ ಎತ್ತಿನ ಒಂದು ಕಾಲು. ಅದು ಈಗಲೂ ಕುಂಟುತ್ತದೆ, ನನ್ನನ್ನು ಕಂಡರೆ ಮುಖ ತಿರುವುತ್ತದೆ. ಲಕ್ಕುಂಡಿಗೆ ನಾಲ್ಕು ಸಲ ಹೋಗಿ ಬಂದದ್ದು. ಕಲ್ಲುಕುಟಿಗ ಉಳಿ ಹಿಡಿದು ಸುಮ್ಮನೆ ಕೂತ ಹದಿನೈದು ದಿನದ ಕೂಲಿ. ಮೋದಿನಬಿ ಅಕ್ಕೋರ ಬಲಗಣ್ಣಿನಲ್ಲಿ ಉಳಿದಿದ್ದ ಅಷ್ಟೋ ಇಷ್ಟೋ ಬೆಳಕು. ಅಂದಾನೆಪ್ಪ ಯಜಮಾನರು ನಮ್ಮಿಬ್ಬರ ಜೊತೆ ಮಾತು ಬಿಟ್ಟ ಒಂದು ಇಡೀ ಶ್ರಾವಣ. ಅದೂ ಈ ವರ್ಷದ ಉದ್ದನೆಯ ಶ್ರಾವಣ. ಇಷ್ಟೂ ಖರ್ಚಾದದ್ದು ಮೂರು ಸಾವಿರ ವರ್ಷದ ಹಿಂದೆ ತೀರಿಕೊಂಡ ಒಬ್ಬ ಹೆಂಗಸಿನ ಹಾಡಿನ ಒಂದು ಮಾತಿಗಾಗಿ. ಒಂದು ಮಾತಿಗೆ ದುಬಾರಿ ಅನ್ನುತ್ತೀರಿ. ನಾನೂ ಅಂದೆ. ಆಮೇಲೆ ಲೆಕ್ಕ ಮಾಡಿ ನೋಡಿದರೆ ನನ್ನ ಮದುವೆಗಿಂತ ಅಗ್ಗ.

ದೊಡ್ಡ ಮರೆವು ಅಂದರೆ ಏನೆಂದು ನಿಮಗೆ ಹೇಳಬೇಕು, ಅದು ನಿಮ್ಮ ಮಕ್ಕಳ ಕಾಲದ್ದು. ನೀವು ಓದಿದ್ದು, ಹಾಡಿದ್ದು, ಕೊಟ್ಟದ್ದು, ತಂದದ್ದು ಎಲ್ಲವನ್ನೂ ಯಂತ್ರಗಳ ಹೊಟ್ಟೆಯಲ್ಲಿ ಇಟ್ಟಿದ್ದಿರಿ. ಒಂದು ಬೇಸಿಗೆ ಅವು ಒಂದರ ಹಿಂದೊಂದು ತಣ್ಣಗಾದವು. ಉಳಿದದ್ದು ಕಾಗದ ಮಾತ್ರ, ಅದೂ ರದ್ದಿಗೆ ಹಾಕಿದ ಕಾಗದ. ಚೆಂದದ ಪುಸ್ತಕಗಳನ್ನು ಮೊದಲೆರಡು ಚಳಿಗಾಲದಲ್ಲಿ ಜನ ಒಲೆಗೆ ಹಾಕಿದರು. ಗೋದಾಮಿನ ಮೂಲೆಯಲ್ಲಿ ಕಟ್ಟಿ ಮರೆತ ಗಂಟುಗಳು ಬದುಕಿದವು. ಹಾಗಾಗಿ ಇವತ್ತು ನಮ್ಮ ಓಣಿಗೆ ಮರ್ಯಾದೆ ಇದೆ. ನಾನು ಸಾಲೆ ಕಲಿತವಳಲ್ಲ, ತಕ್ಕಡಿ ಹಿಡಿದು ಅಕ್ಷರ ಕಲಿತವಳು. ಆದರೂ ಪಂಚರು ನನಗೆ ಕೂರಲು ಚಾಪೆ ಹಾಕುತ್ತಾರೆ. ನಿಮ್ಮ ಕಾಲದ ಗಾಳಿಯಂತ್ರಗಳ ರೆಕ್ಕೆಗಳನ್ನು ಕಪ್ಪತಗುಡ್ಡದಿಂದ ಇಳಿಸಿ ತಂದು ಮನೆಗಳಿಗೆ ಹೊದಿಸಿದ್ದೇವೆ. ಒಂದು ರೆಕ್ಕೆಯ ಕೆಳಗೆ ಮೂರು ಸಂಸಾರ ಹಿಡಿಸುತ್ತದೆ, ಜಗಳ ಮಾತ್ರ ಹೊರಗೆ. ಬೆಳಗಿನ ಜಾವ ಕೆಲಸ, ಬಿಸಿಲೇರಿದ ಮೇಲೆ ಇಡೀ ಊರು ಬಾಗಿಲು ಹಾಕಿ ಮಲಗುವುದು. ಅದಕ್ಕೆ ಬಿಳಿರಾತ್ರಿ ಅನ್ನುತ್ತೇವೆ. ಇಳಿಹೊತ್ತಿಗೆ ಮತ್ತೆ ಕೆಲಸ. ಕೂಲಿ, ಬೆಲೆ, ವರದಕ್ಷಿಣೆ ಎಲ್ಲವೂ ನೀರಿನ ಕೊಡದಲ್ಲಿ ಇಲ್ಲವೇ ನವಣೆಯಲ್ಲಿ. ಯಾರಿಗಾದರೂ ಬಾವಿಯಲ್ಲಿ ದಿನಕ್ಕೆರಡು ಕೊಡದ ಪಾಲು ಬರೆದುಕೊಟ್ಟರೆ ಅವರ ಬದುಕು ದಡ ಸೇರಿತು ಎಂದೇ ಅರ್ಥ.

ಇನ್ನು ಹರಕು ಹಾಡುಗಳ ವಿಷಯ. ನಮ್ಮ ಕನ್ನಡದ ಹಾಡುಗಳಿಗೆ ಕಾಗದ ಬೇಕಾಗಲಿಲ್ಲ. ಬೀಸುವವರ, ಕುಟ್ಟುವವರ ಬಾಯಲ್ಲಿ ಕೂತು ದಾಟಿಬಂದವು. ಆದರೆ ಲಕ್ಕುಂಡಿಯ ಒಂದು ಗೋದಾಮಿನಲ್ಲಿ ಸಿಕ್ಕ ಎಂಟು ಗಂಟುಗಳಲ್ಲಿ ಬೇರೆಯೇ ಸರಕಿತ್ತು: ನೀವು ಗ್ರೀಕರು ಅನ್ನುವ, ನಾವು ಯವನರು ಅನ್ನುವ ಜನರ ಬಹಳ ಹಳೆಯ ಹಾಡುಗಳು, ಪಕ್ಕದಲ್ಲೇ ಅವುಗಳ ಕನ್ನಡ. ಆ ಹಾಡುಗಳು ನಿಮ್ಮ ಕಾಲಕ್ಕೇ ಹರಿದುಹೋಗಿದ್ದವಂತೆ. ನೀವು ಈಜಿಪ್ಟ್ ಅನ್ನುವ ಮಿಸರ ದೇಶದ ಮರಳಿನಲ್ಲಿ, ಊರಾಚೆಯ ತಿಪ್ಪೆಗಳಲ್ಲಿ, ಜೊಂಡಿನಿಂದ ಮಾಡಿದ ಹಾಳೆಯ ಚೂರುಗಳಾಗಿ ಸಿಕ್ಕಿದ್ದವಂತೆ. ತಿಪ್ಪೆಯಲ್ಲಿ ಸಿಕ್ಕವು ಎಂದು ಕೇಳಿದ ಕೂಡಲೇ ನನಗೆ ಅವು ನಮ್ಮ ಕಡೆಯವು ಅನ್ನಿಸಿಬಿಟ್ಟವು. ಅವಕ್ಕೆ ಬಾಯಿಲ್ಲ, ಬಳಗವಿಲ್ಲ, ತಬ್ಬಲಿ ಹಾಡುಗಳು. ಮನೆಮಠ ಕಳೆದುಕೊಂಡು ಬಂದ ನಮ್ಮ ಮುತ್ತಜ್ಜಿಯರು ಅವನ್ನು ಸಾಕಿಕೊಂಡರು. ಸತ್ತವರನ್ನು ಮಣ್ಣಿಗೆ ಕೊಡುವಾಗ ನಾವು ಅವನ್ನೇ ಹಾಡುತ್ತೇವೆ. ಪೂರ್ತಿ ಇರುವ ಹಾಡು ಅಂಥ ಹೊತ್ತಿಗೆ ಒಗ್ಗುವುದಿಲ್ಲ.

ಅವನ್ನು ಓದಿ ಹೊಂದಿಸುವುದಕ್ಕೆ ಲಕ್ಕುಂಡಿಯಲ್ಲಿ ಹರಕು ಸಭೆ ಎಂದು ಒಂದಿದೆ. ಅವರ ಕೆಲಸ ನೋಡಿದರೆ ಮೊದಲಿಗೆ ನಗು ಬರುತ್ತದೆ. ಹಾಡಿನಲ್ಲಿ ಹರಿದುಹೋದ ಜಾಗಕ್ಕೆ ಅವರು ಬಯಲು ಅನ್ನುತ್ತಾರೆ. ಬಯಲಿನಲ್ಲಿ ಇಂಥ ಮಾತು ಇದ್ದಿರಬಹುದು ಎಂದು ಯಾರಾದರೂ ಊಹೆ ಮಾಡಿದರೆ ಅದನ್ನು ಹಾಗೇ ಬರೆಯುವಂತಿಲ್ಲ. ಎಡಕ್ಕೊಂದು, ಬಲಕ್ಕೊಂದು ಗೀಟು ಹಾಕಿ ನಡುವೆ ಬರೆಯಬೇಕು. ಅದಕ್ಕೆ ಬೇಲಿ ಅನ್ನುತ್ತಾರೆ. ಬೇಲಿಯ ಒಳಗಿನದು ನಮ್ಮದು, ಹೊರಗಿನದು ಹಾಡು ಬರೆದವರದು. ಊಹೆ ಮಾಡುವ ಮೊದಲು ನವಣೆ ಹಾಕಬೇಕು. ಜೊಂಡಿನ ಹಾಳೆಯ ಹಳೆಯ ಚಿತ್ರಪಟಗಳು ಸಭೆಯಲ್ಲಿ ಒಂದಷ್ಟು ಇವೆ. ಪಟದಲ್ಲಿ ಕಾಣುವ ತೂತಿನ ಮೇಲೆ, ಅಕ್ಷರಕ್ಕೊಂದು ಕಾಳಿನಂತೆ, ನವಣೆಯನ್ನು ಸಾಲಾಗಿ ಇಟ್ಟು ಅಲ್ಲಿ ಎಷ್ಟು ಅಕ್ಷರ ಹಿಡಿಸುತ್ತಿತ್ತು ಎಂದು ಅಳೆಯುತ್ತಾರೆ. ಯವನರ ಅಕ್ಷರಗಳಲ್ಲಿ ದಪ್ಪ, ತೆಳು ಇರುವುದರಿಂದ ಒಂದು ಕಾಳು ಹೆಚ್ಚುಕಡಿಮೆ ನಡೆಯುತ್ತದೆ. ಎರಡು ಹೆಚ್ಚಾದರೆ ಊಹೆ ತಿಪ್ಪೆಗೆ.

ಮೋದಿನಬಿ ಅಕ್ಕೋರು ಈ ಸಭೆಯ ಹಿರಿಯ ಓದುಗಿತ್ತಿ, ಮನೆ ಮಾತ್ರ ಇಲ್ಲೇ ಗದಗಿನಲ್ಲಿ, ನಮ್ಮ ಓಣಿಯ ಹತ್ತಿರ. ನಿಮ್ಮ ಕಡೆ ಹೇಗೋ, ನಾವು ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಒಡೆದ ಯಾವುದೋ ಕ್ಯಾಮೆರಾದ ಗಾಜನ್ನು ಎಡಗೈಯಲ್ಲಿ ಹಿಡಿದು, ಮೂಗು ಹಾಳೆಗೆ ತಾಗಿಸಿ ಓದುತ್ತ ಎಪ್ಪತ್ತು ದಾಟಿದ್ದಾರೆ. ಹಿಂದೆ ಮುಂದೆ ಯಾರೂ ಇಲ್ಲ, ಒಬ್ಬ ಮೊಮ್ಮಗಳ ಹೊರತು. ಒಂದು ಹಾಡು ಮಾತ್ರ ಅವರ ಹೆಸರಿನ ಜೊತೆ ಅಂಟಿಕೊಂಡಿದೆ. ಬರೆದವಳ ಹೆಸರೂ ಹರಿದುಹೋಗಿದೆ; ಹೆಂಗಸು ಎಂದಷ್ಟೇ ಗೊತ್ತು. ಹಾಡು ಇಷ್ಟು:

ದೀಪ ಹಿಡಿದು ಹೊರಟವಳೇ,
ನಿನ್ನ ಹೆಸರು ಕೂಗಿದರೆ
. . . . . . . ಅನ್ನುತ್ತವೆ
ಹೊಸ್ತಿಲು, ಬೀಸುಗಲ್ಲು, ಬಾವಿಯ ಹಗ್ಗ.

ನಡುವಿನ ಬಯಲು ಏಳು ಕಾಳಿನದು. ಅಕ್ಕೋರು ತಮ್ಮ ನಡುಹರೆಯದಲ್ಲಿ ಅಲ್ಲಿ ಒಂದು ಊಹೆ ಇಟ್ಟರು, ಯವನ ನುಡಿಯಲ್ಲಿ ಸರಿಯಾಗಿ ಏಳು ಅಕ್ಷರದ್ದು. ಕನ್ನಡದಲ್ಲಿ ‘ಬರುತ್ತಾಳೆ’ ಎಂದು. ಬೇಲಿ ಹಾಕಿಯೇ ಬರೆದರು. ಆದರೆ ಬಾಯಿಗೆ ಬೇಲಿ ಎಲ್ಲಿದೆ? ಮೂವತ್ತು ವರ್ಷದಲ್ಲಿ ಗದಗಿನಿಂದ ಮುಂಡರಗಿಯವರೆಗೆ ಮಣ್ಣು ಕೊಡುವ ಹೊತ್ತಿಗೆಲ್ಲ ಜನ ‘ಬರುತ್ತಾಳೆ ಅನ್ನುತ್ತವೆ ಹೊಸ್ತಿಲು’ ಎಂದು ಹಾಡಿ ಅತ್ತು ಹಗುರಾದರು. ಅದು ಊಹೆ ಎನ್ನುವುದನ್ನು ಮರೆತೇಬಿಟ್ಟರು.

ಅಂದಾನೆಪ್ಪ ಯಜಮಾನರು ಹರಕು ಸಭೆಯ ಹಿರಿಯರು. ಓದುವವರಲ್ಲ, ಸಭೆಗೆ ನೆರಳು, ನೀರು ಕೊಟ್ಟವರು. ಅವರ ಒಬ್ಬಳೇ ಮಗಳು ಈರವ್ವ ಮೂರು ವರ್ಷದ ಹಿಂದೆ, ಬಿಳಿರಾತ್ರಿಯಲ್ಲಿ ಹಾದಿ ತಪ್ಪಿದ ಕುರಿಮರಿ ತರಲು ಹೋಗಿ, ಝಳಕ್ಕೆ ಬಿದ್ದು ತೀರಿಕೊಂಡಳು. ಅಂದು ಇದೇ ಹಾಡು ಹಾಡಿದರು. ಆ ಮನುಷ್ಯ ಅತ್ತಿದ್ದನ್ನು ಯಾರೂ ನೋಡಿಲ್ಲ. ಮಾರನೆಯ ದಿನ ಹಾರೆ ತೆಗೆದುಕೊಂಡು ಬಾವಿ ತೋಡಲು ಶುರುಮಾಡಿದರು, ಅಷ್ಟೇ. ಮೆಟ್ಟಿಲುಬಾವಿ, ಹಳೆಯ ಕಾಲದ ರೀತಿ. ಎರಡೂವರೆ ವರ್ಷಕ್ಕೆ ನೀರು ಸಿಕ್ಕಿತು. ಬಾವಿಯ ಬಾಯಿಯ ಹತ್ತಿರ ಒಂದು ಕರಿಕಲ್ಲು ನಿಲ್ಲಿಸಿ, ಅದರ ಮೇಲೆ ಈ ಹಾಡು, ಹಾಡಿನಲ್ಲಿ ಆ ಮಾತು, ಎಲ್ಲವನ್ನೂ ಕೊರೆಸಬೇಕೆಂದು ಅವರ ಆಸೆ.

ಸಭೆ ಅಡ್ಡ ಬಂತು. ಊಹೆಯನ್ನು ಕಾಗದದಲ್ಲಿ ಬರೆಯಬಹುದು, ಕಲ್ಲಿನಲ್ಲಿ ಕೊರೆಯುವಂತಿಲ್ಲ ಎನ್ನುವುದು ಸಭೆಯ ಕಟ್ಟಳೆ. ಹಳೆಯ ಹಾಳೆಯೊಂದು ಸಾಕ್ಷಿ ನುಡಿದರೆ ಮಾತ್ರ ಕೊರೆಯಬಹುದು. ಹಾಗೆ ಸಾಕ್ಷಿ ಸಿಕ್ಕರೆ ಊಹೆ ಮಾಡಿದವರಿಗೆ ಬಾವಿಯಲ್ಲಿ ದಿನಕ್ಕೆರಡು ಕೊಡದ ಪಾಲು, ಅವರ ತರುವಾಯ ಅವರ ವಾರಸುದಾರರಿಗೆ. ಹಾಳೆ ತಂದ ರದ್ದಿಯವರಿಗೆ ಅರ್ಧ ಕೊಡ. ಸಭೆ ಹುಟ್ಟಿದ ಮೇಲೆ ಹಾಗೆ ಸಾಕ್ಷಿ ಸಿಕ್ಕದ್ದು ಹಿಂದೆ ಒಂದೇ ಒಂದು ಸಲ.

ನಾನು ಆರು ಚೀಲ ನವಣೆ ಕೊಟ್ಟು ತಂದ ಹಸಿ ಗಾಡಿಯಲ್ಲಿ ಆ ಹಾಳೆ ಸಿಕ್ಕಿತು. ನಾಲ್ಕು ದಿನ ಬೂದಿಯಲ್ಲಿ ಒಣಗಿಸಿ ಬಿಡಿಸಿದೆ. ಎಡಗಡೆ ಯವನ ಅಕ್ಷರ, ಬಲಗಡೆ ಕನ್ನಡ. ದೀಪ ಹಿಡಿದು ಹೊರಟವಳೇ ಎಂದು ಶುರುವಾಗಿ, ಹಗ್ಗದವರೆಗೆ ಒಂದೂ ತೂತಿಲ್ಲದೆ ಪೂರ್ತಿ ಇತ್ತು. ನಡುವೆ, ಬೇಲಿ ಇಲ್ಲದೆ, ಬಯಲಿನ ಗುರುತೇ ಇಲ್ಲದೆ: ಬರುತ್ತಾಳೆ. ಅಕ್ಕೋರು ಹುಟ್ಟುವ ನೂರು ವರ್ಷ ಮೊದಲೇ ಅಚ್ಚಾದ ಹಾಳೆಯಲ್ಲಿ ಅಕ್ಕೋರ ಮಾತು!

ಓಡಿದೆ. ಬಾಗಿಲಲ್ಲೇ ಕೂಗಿದೆ: “ಅಕ್ಕೋರ, ಎರಡು ಕೊಡಾ ತೊಳದ ಇಡ್ರಿ! ನಿಮ್ಮ ಮಾತು ಖರೇ ಆತು!”

ಅವರು ಹಾಳೆಯನ್ನು ಮೂಗಿಗೆ ಹಿಡಿದು ಓದಿದರು. ಒಂದು ಸಲ ನಕ್ಕರು. ಅಷ್ಟು ವರ್ಷದಲ್ಲಿ ಅವರ ಹಲ್ಲು ನಾನು ನೋಡಿದ್ದು ಅಂದೇ. ಮೊಮ್ಮಗಳನ್ನು ಕರೆದು, “ಇವರಿಗೆ ಶೇಂಗಾ ಹಿಂಡಿ, ಎರಡು ರೊಟ್ಟಿ ಕೊಡು, ಮ್ಯಾಲೆ ಎಣ್ಣಿ ಹಾಕು,” ಅಂದರು. ಎಣ್ಣೆ ಹಾಕು ಅಂದರು ಎನ್ನುವುದನ್ನು ಗಮನಿಸಿ. ಯಜಮಾನರಿಗೆ ಸುದ್ದಿ ಮುಟ್ಟಿತು. ಅವರು ಅಂದೇ ಕಲ್ಲುಕುಟಿಗನನ್ನು ಕರೆಸಿದರು.

ಮಾರನೆಯ ಬೆಳಗಿನ ಜಾವ ಅಕ್ಕೋರೇ ನನಗೆ ಹೇಳಿ ಕಳಿಸಿದರು. ಹೋದರೆ, ನೆಲದ ಮೇಲೆ ಒಂದು ಚಿತ್ರಪಟ, ಪಕ್ಕದಲ್ಲಿ ನವಣೆ, ಅಕ್ಕೋರ ಬಲಗಣ್ಣು ಕೆಂಡವಾಗಿ ನೀರು ಸುರಿಯುತ್ತಿತ್ತು.

“ಹಾಳೀ ಹಿಂದ ಇನ್ನೊಂದು ಹಾಡು ಐತಿ, ನೋಡಿದ್ದೇನು?” ಎಂದು ಕೇಳಿದರು.

“ಅದೇನೋ ಉಪ್ಪಿನ ಹಡಗಿಂದು. ಅದನ್ಯಾರು ಕೇಳ್ಯಾರ್ರೀ?”

“ನಾ ಕೇಳೀನಿ. ಅದರದ್ದು ಚಿತ್ರಪಟ ನನ್ನ ಹಂತ್ಯಾಕ ಐತಿ. ಬಯಲು ಒಂಬತ್ತು ಕಾಳಿಂದು. ಈ ಹಾಳ್ಯಾಗ ಅದನ್ನೂ ತುಂಬ್ಯಾರ. ಎಣಿಸಿನಿ. ಹದಿನಾಲ್ಕು ಅಕ್ಷರ.”

ಒಂಬತ್ತು ಮಂದಿಯ ಗಾಡಿಯಲ್ಲಿ ಹದಿನಾಲ್ಕು ಮಂದಿ. ಕೂಡುವುದಿಲ್ಲ. ಅಂದರೆ ಆ ಹಾಳೆ ಮಾಡಿದವರ ಮುಂದೆ ಹೆಚ್ಚು ಪೂರ್ತಿಯಾದ ಜೊಂಡಿನ ಹಾಳೆ ಯಾವುದೂ ಇರಲಿಲ್ಲ. ಅವರ ಮುಂದೆಯೂ ಇದ್ದದ್ದು ಇದೇ ತೂತು. ತೂತಿನ ಅಳತೆಯನ್ನೂ ನೋಡದೆ ಏನೋ ತುರುಕಿದ್ದರು. ಹಾಳೆಯ ಅಡಿಯಲ್ಲಿ ಅಚ್ಚಾದ ವರ್ಷ ಇತ್ತು. ಅದು ನಿಮ್ಮ ವರ್ಷ, ಹಿರಿಯರೇ. ದೊಡ್ಡ ಮರೆವಿಗೆ ಸ್ವಲ್ಪ ಮೊದಲಿನ ಕಾಲ. ಆಗ ನಿಮ್ಮಲ್ಲಿ ಭರ್ತಿ ಯಂತ್ರಗಳಿದ್ದವು. ನೀವು ಅವನ್ನು ಏನೆಂದು ಕರೆಯುತ್ತೀರೋ ತಿಳಿಯದು, ನಾವು ಹಾಗನ್ನುತ್ತೇವೆ: ಅರ್ಧ ಮಾತು ಹೇಳಿದರೆ ಉಳಿದರ್ಧವನ್ನು ತಾವೇ ಹೇಳಿ ಮುಗಿಸುವ ಯಂತ್ರಗಳು. ನಿಮ್ಮಲ್ಲಿ ಯಾರೋ ಪುಣ್ಯಾತ್ಮರು, ಹರಕು ಹಾಡು ಓದುವವರಿಗೆ ಬೇಸರವಾದೀತು ಎಂದು, ಒಳ್ಳೆಯ ಮನಸ್ಸಿನಿಂದಲೇ ಇರಬೇಕು, ಅವನ್ನೆಲ್ಲ ಯಂತ್ರದ ಬಾಯಿಗೆ ಕೊಟ್ಟು ಪೂರ್ತಿ ಮಾಡಿಸಿ, ಬೇಲಿ ಕಿತ್ತು ಅಚ್ಚು ಹಾಕಿಸಿದ್ದರು.

ನಾನು ವ್ಯಾಪಾರದವಳು, ಸುಲಭಕ್ಕೆ ಬಿಡಲಿಲ್ಲ. “ಹಿಂದಿನ ಹಾಡು ಸುಳ್ಳಾತಂದ್ರ ಮುಂದಿಂದೂ ಸುಳ್ಳು ಅನ್ನೂದು ಯಾವ ನ್ಯಾಯರೀ? ಮುಂದಿಂದು ಏಳಕ್ಕ ಏಳು ಕೂಡ್ತೈತಲ್ಲ!”

“ಒಂದೇ ಗಡಿಗಿ ಹಾಲು. ಮ್ಯಾಲಿಂದು ಒಡದೈತಿ, ತಳದಾಗಿಂದು ಕುಡಿ ಅಂತೀಯೇನು?”

“ಕುಡೀಬ್ಯಾಡ್ರಿ. ಒಡದೈತಿ ಅಂತ ಊರಾಗ ಡಂಗುರಾನೂ ಸಾರಬ್ಯಾಡ್ರಿ. ಹಿಂದಿನ ಹಾಡು ಯಾರೂ ಹಾಡಂಗಿಲ್ಲ. ಆ ಪಟ ನಿಮ್ಮ ಹಂತ್ಯಾಕ ಬಿಟ್ರ ಯಾರ ಹಂತ್ಯಾಕೂ ಇಲ್ಲ. ನಿಮ್ಮ ಕಣ್ಣ ನೋಡ್ಕೋರಿ. ನಾಳೆ ಕಾಣದಂಗ ಆದ್ರ ನೀರ ಯಾರ ತರ್ತಾರ? ಆ ಕೂಸಿನ ಗತಿ?”

ಮೊಮ್ಮಗಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ನಿಂತಿತು. ಅಕ್ಕೋರು ನವಣೆಯನ್ನು ಒಂದೊಂದೇ ಕಾಳು ಆಯ್ದು ಬಟ್ಟಲಿಗೆ ಹಾಕಿದರು. ಆಮೇಲೆ ಅಂದ ಮಾತನ್ನು ನಾನು ಹಾಗೇ ಬರೆಯುತ್ತೇನೆ:

“ನಿನಗ ಒಂದು ತಿಳಿವಲ್ದು, ಕಳಕವ್ವ. ನಾ ಊಹೆ ಮಾಡ್ದೆ. ಆ ಯಂತ್ರಾನೂ ಊಹೆ ಮಾಡ್ತು. ಇಬ್ಬರಿಗೂ ಒಂದೇ ಮಾತು ಹೊಳೀತು. ಅಂದ್ರ ಆ ಮಾತು ಖರೇ ಅಂತಲ್ಲಬೇ, ಅದು ಎಲ್ಲಾರಿಗೂ ಹೊಳಿಯೂ ಮಾತು ಅಂತ. ಆ ಹೆಣ್ಮಗಳು ಎಲ್ಲಾರಿಗೂ ಹೊಳಿಯೂದನ್ನ ಬರದಿದ್ರ, ಮೂರು ಸಾವಿರ ವರ್ಷ ಆಕಿನ್ನ ಯಾರು ಹೊತ್ತು ತಿರಗತಿದ್ರು? ಮೂವತ್ತು ವರ್ಷ ನಾ ಆಕಿ ಬಾಯಾಗ ನನ್ನ ಮಾತು ತುರಕೀನಿ. ಇಲ್ಲೀತನಕ ಊಹೆ ಅಂತ ಹೇಳ್ಕೊಂಡ ಮಾಡೀನಿ. ಇನ್ನ ಮ್ಯಾಲೆ ಮಾಡಿದ್ರ ಅದು ಕಳವು.”

ಹಿಂದಿನ ದಿನ ಅವರ ಎಣ್ಣೆ ಹಾಕಿದ ರೊಟ್ಟಿ ತಿಂದವಳು ನಾನು, ಎದ್ದು ಅವರ ಕೈ ಹಿಡಿದುಕೊಂಡೆ.

ಇಬ್ಬರೂ ಬಾವಿಗೆ ಹೋದೆವು. ಯಜಮಾನರು ಕೆಳಗಿನ ಮೆಟ್ಟಿಲಲ್ಲಿ ಕೆಸರು ಬಾಚುತ್ತಿದ್ದರು. ಅಕ್ಕೋರು ನಿಂತಲ್ಲೇ ಎಲ್ಲವನ್ನೂ ಹೇಳಿದರು. ಹಾಳೆ ಏನು, ಅಳತೆ ಏನು, ಯಂತ್ರ ಏನು. ಅವರು ಮೇಲೆ ಬಂದು ಕಲ್ಲಿಗೆ ಒರಗಿ ನಿಂತರು. ಕೈಯ ಕೆಸರನ್ನು ಒರೆಸಿಕೊಳ್ಳಲೂ ಇಲ್ಲ.

“ಅಕ್ಕೋರ, ನಿಮಗ ನೀರಿನ ಪಾಲು ಬ್ಯಾಡಾಗಿದ್ರ ಬ್ಯಾಡ ಅನ್ರಿ,” ಅಂದರು. “ನನ್ನ ಮಗಳನ್ನ ಯಾಕ ಮತ್ತೊಮ್ಮೆ ಕಳಸ್ತೀರಿ?”

“ಅಂದಾನೆಪ್ಪಣ್ಣಾ, ಬರ್ತಾಳ ಅಂತ ಅಂದಾಕಿ ನಾನು. ಹಾಡು ಬರದಾಕಿ ಏನಂದಿದ್ಲೋ ನನಗ ಗೊತ್ತಿಲ್ಲ. ನನ್ನ ಮಾತು ಬೇಕಂದ್ರ ಇಟ್ಕೋರಿ, ನಿಮ್ಮದೇ ಅದು. ಕಲ್ಲಿನಾಗ ಮಾತ್ರ ಬ್ಯಾಡ.”

“ನಿಮ್ಮ ಮಾತು ತಗೊಂಡು ಏನ್ ಮಾಡ್ಲಿ? ನೀವು ನಮ್ಮೂರ ಅಕ್ಕೋರು. ನಿಮ್ಮನಿಗೆ ನಮ್ಮನಿಯಿಂದ ಮಜ್ಜಿಗಿ ಬರ್ತೈತಿ. ನೀವು ಸಮಾಧಾನಕ್ಕ ಹೇಳಿದ್ರಿ ಅಂತ ಅನ್ನಸ್ತೈತಿ. ಆಕಿಗಿ ನನ್ನ ಗುರ್ತಿಲ್ಲ, ಈರವ್ವನ ಗುರ್ತಿಲ್ಲ. ಗುರ್ತಿಲ್ಲದಾಕಿ ಹೇಳಿದ್ಲು ಅಂತ ನಂಬಿದ್ದೆ.”

ಅಷ್ಟು ಹೇಳಿ ಮತ್ತೆ ಮೆಟ್ಟಿಲಿಳಿದು ಹೋದರು. ಆಮೇಲೆ ಒಂದು ಶ್ರಾವಣ ನಮ್ಮ ಜೊತೆ ಮಾತಿಲ್ಲ. ಅಕ್ಕೋರ ಮನೆಗೆ ಮಜ್ಜಿಗೆ ಮಾತ್ರ ನಿಲ್ಲಲಿಲ್ಲ. ತಂದವರು ಹೊಸ್ತಿಲಲ್ಲಿ ಇಟ್ಟು ಬಾಗಿಲು ಬಡಿಯದೆ ಹೋಗುತ್ತಿದ್ದರು. ಅಕ್ಕೋರು ಅದನ್ನು ಕುಡಿದು, ಪಾತ್ರೆ ತೊಳೆದು, ಅದೇ ಜಾಗದಲ್ಲಿ ಇಡುತ್ತಿದ್ದರು. ಸಭೆಗೆ ತಮ್ಮ ಕೈಯಾರೆ ಬರೆದುಕೊಟ್ಟರು, ಊಹೆಯನ್ನು ಹಿಂತೆಗೆದಿದ್ದೇನೆ ಎಂದು. ಅದನ್ನು ಬರೆದದ್ದೇ ಕಡೆಯ ಬರಹ. ಅಲ್ಲಿಂದ ಮುಂದೆ ಬಲಗಣ್ಣಿಗೆ ಬಿಳಿರಾತ್ರಿ, ಕರಿರಾತ್ರಿ ಒಂದೇ ಆಯಿತು. ಎಡಗಣ್ಣು ಹೋಗಿ ಮೊದಲೇ ಆರು ವರ್ಷವಾಗಿತ್ತು. ಸಭೆಯಲ್ಲಿ ಕೆಲವರು ಮುದುಕಿಗೆ ಅರಳುಮರಳು ಅಂದರು. ಯಾರದಾದರೂ ಊಹೆಗೆ ಸಾಕ್ಷಿ ಸಿಕ್ಕಾಗ, ಆ ಸಾಕ್ಷಿಯನ್ನು ತಾವೇ ಕೊಂದವರನ್ನು ಅವರೂ ನೋಡಿರಲಿಲ್ಲ.

ಕಲ್ಲುಕುಟಿಗ ಹದಿನೈದು ದಿನ ಕಾದು ಕಡೆಗೆ ಯಜಮಾನರನ್ನೇ ಕೇಳಿದನಂತೆ, “ಅಲ್ರೀ, ಆ ಜಾಗ ಖಾಲಿ ಬಿಡಬೇಕಂದ್ರ, ಖಾಲಿ ಕೊರಿಯಾಕ ಕೂಲಿ ಎಷ್ಟು?” ಯಜಮಾನರು ಮೂರು ವರ್ಷದಲ್ಲಿ ಮೊದಲ ಸಲ ಬೈದರಂತೆ. ಬೈದ ಮೇಲೆ ಅವರಿಗೆ ಜೀವ ಬಂದಂತಾಯಿತು ಎಂದು ಕಲ್ಲುಕುಟಿಗನೇ ನನಗೆ ಹೇಳಿದ. ಮರುದಿನ ಬಂದು, ಮೂರನೆಯ ಸಾಲಿನ ಶುರುವಿನಲ್ಲಿ ಒಂದು ಗೇಣು ಕಲ್ಲನ್ನು ಹಾಗೇ ಬಿಡು, ನಯ ಮಾಡಬೇಡ, ಗೀರಬೇಡ ಎಂದು ಹೇಳಿ ಹೋದರು.

ಬಾವಿಯ ಬಾಯಿ ತೆರೆಯುವ ದಿನ ಊರೆಲ್ಲ ಸೇರಿತ್ತು. ಅಕ್ಕೋರನ್ನು ಮೊಮ್ಮಗಳು ಕೈ ಹಿಡಿದು ಕರೆತಂದಳು. ಅವರು ಕಲ್ಲಿನ ಮೇಲೆ ಬೆರಳಾಡಿಸಿ, ಆ ಒರಟು ಜಾಗ ಸಿಕ್ಕ ಮೇಲೆ ಕೈ ತೆಗೆದು ಕೂತರು. ಹಾಡು ಶುರುವಾಯಿತು. ದೀಪ ಹಿಡಿದು ಹೊರಟವಳೇ, ನಿನ್ನ ಹೆಸರು ಕೂಗಿದರೆ. ಅಲ್ಲಿಗೆ ಬಂದ ಕೂಡಲೇ ಇನ್ನೂರು ಮಂದಿ ಬಾಯಿ ಮುಚ್ಚಿದರು. ಮೂವತ್ತು ವರ್ಷದ ರೂಢಿಯನ್ನು ಹಿಡಿದು ನಿಲ್ಲಿಸುವುದು ಸಣ್ಣ ಕೆಲಸವಲ್ಲ. ಹಲವರು ತುಟಿ ಕಚ್ಚಿಕೊಂಡದ್ದನ್ನು ನೋಡಿದೆ. ಬಾವಿಯೊಳಗೆ ಎಲ್ಲೋ ನೀರು ತೊಟ್ಟಿಕ್ಕುವುದು ಕೇಳಿತು.

ಆಗ ಕೆಳಗಿನ ಮೆಟ್ಟಿಲಿನಿಂದ ಒಂದೇ ಒಂದು ದನಿ ಎದ್ದಿತು. ಸೀಳಿದ ದನಿ, ರಾಗವಿಲ್ಲ, ತಾಳವಿಲ್ಲ.

“ಬರ್ತಾಳ,” ಅಂದರು ಅಂದಾನೆಪ್ಪ.

ಜನರೆಲ್ಲ ಅಕ್ಕೋರ ಕಡೆ ತಿರುಗಿದರು. ಸಭೆಯ ಒಬ್ಬ ಓದುಗ ಎದ್ದು ನಿಂತು ಏನೋ ಹೇಳಲು ಬಾಯಿ ತೆರೆದ. ಅಕ್ಕೋರು ದನಿ ಬಂದ ದಿಕ್ಕಿಗೆ ಮುಖ ಮಾಡಿ, ಕೈಯಿಂದಲೇ ಅವನನ್ನು ಕೂಡಿಸಿದರು.

“ಹಾಡ್ಲಿ ಬಿಡ್ರಿ. ಅದು ಯಾರ ಮಾತು ಅನ್ನೂದು ಇಡೀ ಊರಿಗೆ ಗೊತ್ತೈತಿ.”

ಉಳಿದ ಸಾಲನ್ನು ಎಲ್ಲರೂ ಹಾಡಿದರು. ಅಂದಿನಿಂದ ಹಾಗೇ ನಡೆದಿದೆ. ಯಾರನ್ನಾದರೂ ಮಣ್ಣಿಗೆ ಕೊಡುವಾಗ ಬಯಲು ಬಂದರೆ ಊರು ಸುಮ್ಮನಾಗುತ್ತದೆ. ದುಃಖ ಯಾರದೋ ಅವರು, ತೋಚಿದರೆ, ತಮ್ಮ ಮಾತು ಹೇಳುತ್ತಾರೆ. ತೋಚದಿದ್ದರೆ ಇಲ್ಲ. ಮೊನ್ನೆ ಒಬ್ಬಳು ಸೊಸೆ ತನ್ನ ಅತ್ತೆಯ ಮಣ್ಣಿನಲ್ಲಿ ‘ಸಾಕಾತು’ ಅಂದಳು. ನಗು ತಡೆಯುವುದು ಕಷ್ಟವಾಯಿತು. ಆದರೆ ಅತ್ತೆಯನ್ನು ಬಲ್ಲ ನಮಗೆ ಅದಕ್ಕಿಂತ ತಕ್ಕ ಮಾತು ಸಿಗುತ್ತಿರಲಿಲ್ಲ.

ಹಿರಿಯರೇ, ನಿಮ್ಮನ್ನು ಬೈಯಲು ಇದನ್ನು ಬರೆದದ್ದಲ್ಲ. ತೂತು ಕಂಡರೆ ಮುಚ್ಚಬೇಕು ಅನ್ನಿಸುವುದು ಮನುಷ್ಯರ ಗುಣ. ನಾವೂ ಮನೆಯ ಮಾಡಿನ ತೂತನ್ನು ದಿನಾ ಮುಚ್ಚುತ್ತೇವೆ. ನಿಮ್ಮ ಭರ್ತಿ ಯಂತ್ರಗಳ ಮೇಲೂ ನನಗೆ ಸಿಟ್ಟಿಲ್ಲ, ಹೇಳಿದ ಕೆಲಸ ಮಾಡಿದವು. ಒಂದೇ ಕೋರಿಕೆ. ನೀವು ಇಂದು ಯಾವುದನ್ನಾದರೂ ತುಂಬುವಾಗ, ಹಾಡಾಗಲಿ, ಚರಿತ್ರೆಯಾಗಲಿ, ಸತ್ತವರ ಬಾಯಾಗಲಿ, ತುಂಬಿದ್ದು ನಾವು ಎಂದು ಪಕ್ಕದಲ್ಲಿ ಒಂದು ಗೀಟು ಹಾಕಿ. ಎರಡು ಗೀಟಿಗೆ ಶಾಯಿ ಎಷ್ಟು ಬೇಕು? ಆ ಶಾಯಿ ಉಳಿಸಿದ ನಿಮ್ಮ ಲಾಭಕ್ಕೆ ನಾವು ಇಲ್ಲಿ ಕಣ್ಣು ಕೊಟ್ಟು ತೀರಿಸಬೇಕಾಗುತ್ತದೆ. ನಿಮ್ಮ ಕಾಲದ ಹಾಳೆಗಳು ನನ್ನ ಗೋದಾಮಿನಲ್ಲಿ ಇನ್ನೂ ಹನ್ನೊಂದು ಗಂಟು ಇವೆ. ಎಲ್ಲವೂ ಪೂರ್ತಿ, ಎಲ್ಲವೂ ನಯ. ಅವನ್ನು ಬಿಚ್ಚಲು ನನಗೆ ಹೆದರಿಕೆ. ಪೂರ್ತಿ ಇರುವುದನ್ನು ಕಂಡರೆ ಹೆದರುವ ಮೊದಲ ರದ್ದಿಯವಳು ನಾನೇ ಇರಬೇಕು.

ಇನ್ನು ಯಾರಿಗೆ ಏನು ಬಂತು ಎಂದು ಹೇಳಿ ಮುಗಿಸುತ್ತೇನೆ.

ಕಲ್ಲುಕುಟಿಗನಿಗೆ ಕೊರೆಯದ ಒಂದು ಗೇಣಿಗೂ ಸೇರಿಸಿ ಪೂರ್ತಿ ಕೂಲಿ ಬಂತು. ಹರಕು ಸಭೆಗೆ ಒಂದು ಹೊಸ ಕಟ್ಟಳೆ ಬಂತು: ತೂತಿಲ್ಲದ ಹಾಳೆಯನ್ನು ನವಣೆ ಹಾಕದೆ ಸಾಕ್ಷಿಗೆ ಕರೆಯಬಾರದು. ನನಗೆ ಅರ್ಧ ಕೊಡ ಬರಲಿಲ್ಲ. ಬದಲಿಗೆ ನನ್ನ ಮನೆಯ ನೀರಿನಿಂದ ದಿನಕ್ಕೊಂದು ಕೊಡ ಅಕ್ಕೋರ ಮನೆಗೆ ಹೋಗುತ್ತದೆ, ಅಕ್ಕೋರು ಸಂಜೆ ಕೂತು ಬಾಯಿಪಾಠ ಇರುವ ಹಾಡುಗಳನ್ನು ನನಗೆ ಹೇಳುತ್ತಾರೆ. ಅಕ್ಕೋರಿಗೆ ನೀರಿನ ಪಾಲು ಬರಲಿಲ್ಲ, ಕಣ್ಣು ಬರಲಿಲ್ಲ. ಮೊಮ್ಮಗಳಿಗೆ ಸಭೆಯಲ್ಲಿ ಕೂರಲು ಒಂದು ಚಾಪೆ ಬಂತು. ಅಂದಾನೆಪ್ಪನವರಿಗೆ ಒಂದು ಬಾವಿ, ಒಂದು ಮಾತು. ಮಜ್ಜಿಗೆ ತಂದಾಗ ಈಗ ಬಾಗಿಲು ಬಡಿಯುತ್ತಾರೆ. ಊರಿಗೆ ನೀರು.

ಹಾಡು ಬರೆದ ಯವನರ ಹೆಂಗಸಿಗೆ ಏಳು ಅಕ್ಷರದಷ್ಟು ಜಾಗ, ಖಾಲಿ.